ನಾಲ್ಕು ಮನೆಗಳ ಡೀಸೆಲ್

ಭಾಲ್ಕಿ ಕಡೆಯ ಚಂದ್ರಾಮಪ್ಪ ನಾಸಿಕದಲ್ಲಿ ಜನರೇಟರ್ ರಿಪೇರಿ ಮಾಡುತ್ತಲೇ ತಲೆ ನರೆಸಿಕೊಂಡ ಮನುಷ್ಯ. ಬಾಯಿ ಜೋರು, ಮನಸ್ಸು ಮೆತ್ತಗೆ. ಹಿಂದೊಮ್ಮೆ ಗೋದಾವರಿ ಉಕ್ಕಿ ಪಂಚವಟಿಯ ಸಣ್ಣ ಆಸ್ಪತ್ರೆಯೊಂದರ ನೆಲಮಾಳಿಗೆಗೆ ನುಗ್ಗಿದಾಗ ಅಲ್ಲಿದ್ದ ಡೀಸೆಲ್ಲೆಲ್ಲ ನೀರುಪಾಲಾಗಿತ್ತು. ಆಗ ಇವನೇ ಡಾಕ್ಟರ್ ವಸುಧಾ ಅವರೆದುರು ಕೂತು ಹಟ ಹಿಡಿದ. ಎಲ್ಲ ಒಂದೇ ಕಡೆ ಇಟ್ಟರೆ ಎಲ್ಲ ಒಮ್ಮೆಗೇ ಹೋಗುತ್ತದೆ. ಜನರೇಟರನ್ನು ಮಾಳಿಗೆಗೆ ಏರಿಸಿ, ಡೀಸೆಲ್ಲನ್ನು ದಿಬ್ಬದ ಮೇಲಿನ ನಾಲ್ಕು ಮನೆಗಳಲ್ಲಿ ಹಂಚಿಡಿ ಎಂದ. ಮನೆಗಳನ್ನೂ ಇವನೇ ಹುಡುಕಿದ. ಎಲ್ಲರೂ ನಮ್ಮ ಬೀದರ್ ಕಡೆಯವರೇ.

ಈ ಶ್ರಾವಣದಲ್ಲಿ ಮತ್ತೆ ಹೊಳೆ ಬಂತು. ಕರೆಂಟ್ ಹೋಯಿತು, ಪೆಟ್ರೋಲ್ ಪಂಪಿನ ದಾರಿ ಮುಳುಗಿತು. ಆಸ್ಪತ್ರೆಯಲ್ಲಿ ಮೂವರು ವೆಂಟಿಲೇಟರಿನ ಮೇಲಿದ್ದರು. ಅವರಲ್ಲಿ ಒಬ್ಬಳು ಬೇರೆ ಯಾರೂ ಅಲ್ಲ, ಚಂದ್ರಾಮಪ್ಪನ ಹೆಂಡತಿ ಸಂಗಮ್ಮ. ಜನರೇಟರಿನಲ್ಲಿದ್ದ ಡೀಸೆಲ್ ಸಂಜೆಯವರೆಗೆ ಬಂದರೆ ಹೆಚ್ಚು.

"ಹೆದರಬ್ಯಾಡ್ರಿ ಮೇಡಂ, ಈಗ ತಂದೆ ನೋಡ್ರಿ" ಎಂದು ಮಳೆಯಲ್ಲೇ ಓಡಿದ.

ನಾಲ್ಕರಲ್ಲಿ ಮೊದಲನೆಯದು ಮನ್ಮಥಪ್ಪನ ಮನೆ. ಕ್ಯಾನು ಎತ್ತಿದರೆ ಹಗುರ!

"ಸೋಮವಾರ ನಮ್ಮನ್ಯಾಗ ಭಜನಿ ಇತ್ತಲ್ರಿ ಅಣ್ಣಾ. ಲೈಟ್ ಹೋತು. ಬಾಡಿಗಿ ಜನರೇಟರಿಗೆ ಹಾಕಿದೆ. ಉಳಿದ ಮೂರು ಮನ್ಯಾಗ ಅದಲ್ಲಾ ಅಂತ..."

ಖಂಡಪ್ಪನ ಮನೆಯಲ್ಲೂ ಅದೇ ಮಾತು. ಪಾರ್ವತಿಬಾಯಿಯಂತೂ ಸೆರಗು ಬಾಯಿಗೆ ಒತ್ತಿಕೊಂಡು ಮೂಲೆಯ ಕ್ಯಾನು ಉರುಳಿಸಿ ತೋರಿಸಿದಳು. ಶಿವಕಾಂತ ತಾನಾಗಿಯೇ ಖಾಲಿ ಕ್ಯಾನು ತಂದು ಮುಂದಿಟ್ಟ. ಶ್ರಾವಣ ಸೋಮವಾರದ ಭಜನೆ ನಮ್ಮವರಲ್ಲಿ ಮನೆಯಿಂದ ಮನೆಗೆ ಸರದಿಯಲ್ಲಿ ನಡೆಯುತ್ತದೆ. ಡೀಸೆಲ್ಲೂ ಅದೇ ಸರದಿಯಲ್ಲಿ ಖಾಲಿಯಾಗಿತ್ತು. ಪ್ರತಿಯೊಬ್ಬರೂ ತೆಗೆದದ್ದು ತಮ್ಮದೊಂದೇ ಕ್ಯಾನು, ಅದೂ ಶಿವನ ಕೆಲಸಕ್ಕೆ. ಯಾರನ್ನು ಬೈಯಬೇಕು ಹೇಳಿ! ಅಷ್ಟೂ ಭಜನೆಗೆ ಚಂದ್ರಾಮಪ್ಪನೂ ಹೋಗಿದ್ದ, ತಾಳ ಹಾಕಿದ್ದ, ಹೊರಗೆ ಮೆಷಿನ್ನಿನ ಸದ್ದು ಕೇಳಿದ್ದ. ಯಾರ ಡೀಸೆಲ್ ಎಂದು ಒಮ್ಮೆಯೂ ಕೇಳಿರಲಿಲ್ಲ.

"ನನ್ ಹೆಂಡ್ತಿ ಸಾಯ್ತಾಳ್ರೋ!" ಎಂದು ನಡುರಸ್ತೆಯಲ್ಲಿ ಹಣೆ ಹಣೆ ಬಡಿದುಕೊಂಡ.

ಮನ್ಮಥಪ್ಪ ಓಡಿಹೋಗಿ ತನ್ನ ಟೆಂಪೋದ ಟ್ಯಾಂಕಿಗೆ ಪೈಪು ಬಿಟ್ಟ. ಚಂದ್ರಾಮಪ್ಪ ಬಾಯಿಂದ ಎಳೆದ. ಗಂಟಲಿಗೆ ಡೀಸೆಲ್ ಇಳಿದು ವಾಂತಿಯಾಯಿತು, ಬಾಯಿ ಒರೆಸಿಕೊಂಡು ಮತ್ತೆ ಎಳೆದ. ಅರ್ಧ ಕ್ಯಾನು ತುಂಬಿತು. ಎದೆಮಟ್ಟದ ನೀರಿನಲ್ಲಿ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಇಬ್ಬರೂ ಬಂದರು.

ಆಸ್ಪತ್ರೆ ಕತ್ತಲಾಗಿತ್ತು. ವೆಂಟಿಲೇಟರಿನ ಬ್ಯಾಟರಿಯೂ ಮುಗಿದು, ನರ್ಸುಗಳು ಕೈಯಿಂದಲೇ ಗಾಳಿಯ ಚೀಲ ಒತ್ತುತ್ತಿದ್ದರು. ಚಂದ್ರಾಮಪ್ಪ ಯಾರ ಮುಖವನ್ನೂ ನೋಡದೆ ಮಾಳಿಗೆ ಹತ್ತಿದ, ಡೀಸೆಲ್ ಸುರಿದ, ಮೆಷಿನ್ ಚಾಲೂ ಮಾಡಿದ. ದೀಪಗಳು ಹತ್ತಿದವು. ಒಂದೇ ಉಸಿರಿಗೆ ಕೆಳಗೆ ಬಂದರೆ, ಡಾಕ್ಟರ್ ವಸುಧಾ ಸಂಗಮ್ಮನ ಕಣ್ಣು ಮುಚ್ಚುತ್ತಿದ್ದರು.

ಅವಳ ಕಾಲು ಹಿಡಿದು ಅವನು ಅತ್ತದ್ದನ್ನು ಕೇಳಿದರೆ ಕರುಳು ಕಿತ್ತು ಬರಬೇಕು. ಮನ್ಮಥಪ್ಪನಿಗೆ ಏನೂ ತೋಚಲಿಲ್ಲ. ಹೆಣದ ಮುಂದೆ ಆ ಗದ್ದಲ ಬೇಡವೆಂದು ಮೆಷಿನ್ ನಿಲ್ಲಿಸಲು ಮೆಟ್ಟಿಲ ಕಡೆ ತಿರುಗಿದ.

ಚಂದ್ರಾಮಪ್ಪ ತಲೆ ಎತ್ತಿದ.

"ಮುಟ್ಟಬ್ಯಾಡೋ! ಆ ಕಡಿ ಖೋಲ್ಯಾಗ ಇನ್ನಾ ಇಬ್ಬರು ಅದಾರ. ಹೋಗು, ಮತ್ತೊಂದು ಗಾಡಿ ಹುಡುಕು."