ಗುಲಾಲು ತಾಗದ ಬೌಲರು

೨೦೨೪ರ ಫೆಬ್ರುವರಿ ೧೧, ರವಿವಾರ. ಆಕರ: ಮೂಡಲಗಿ ತಾಲೂಕಿನ ಒಂದು ಊರಿನ ಆಟದ ಮೈದಾನದ ಬಾಗಿಲಲ್ಲಿ ಅಂದು ಬೆಳಿಗ್ಗೆ ನಿಲ್ಲಿಸಲಾದ ಕರಿಯ ಗ್ರಾನೈಟ್ ಫಲಕ. ಅದರ ಮೇಲೆ ಕೊರೆದ ತಾರೀಖನ್ನು ಮನೆಯ ಗೋಡೆಯ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿದ್ದೇನೆ, ವಾರವೂ ಸರಿಯಿದೆ. ಆ ಫಲಕದಲ್ಲಿ ಸರಿಯಾಗಿರುವುದು ಅದೊಂದೇ.

ಊರಿನ ಹೆಸರನ್ನು ಬರೆಯುವುದಿಲ್ಲ. ಗೋಕಾಕದಿಂದ ನಾನು ಹತ್ತುವ ಬಸ್ಸು ಆ ಊರಿನ ಮೇಲೆಯೇ ಹೋಗುತ್ತದೆ, ಅಲ್ಲಿನವರು ಈಗಲೂ ಎದ್ದು ನನಗೆ ಸೀಟು ಬಿಟ್ಟುಕೊಡುತ್ತಾರೆ. ಸತ್ಯನಿಷ್ಠೆಗೂ ಮೊಣಕಾಲಿಗೂ ಜಗಳವಾದಾಗ ಈ ವಯಸ್ಸಿನಲ್ಲಿ ಮೊಣಕಾಲೇ ಗೆಲ್ಲುತ್ತದೆ. ಆದರೆ ಕೋಪವನ್ನು ಮುಚ್ಚಿಡಲಾರೆ. ಶಾಸನಗಳ ತೇದಿಗಳನ್ನು ಪರಿಶೀಲಿಸುವುದರಲ್ಲೇ ಉದ್ಯೋಗಜೀವನ ಕಳೆದು ನಿವೃತ್ತನಾದವನು ನಾನು. ನನಗೆ ಸಿಟ್ಟು ಕೂಡ ಅಡಿಟಿಪ್ಪಣಿಯೊಂದಿಗೇ ಬರುತ್ತದೆ ಎಂದು ನನ್ನ ಹೆಂಡತಿ ಹೇಳುವುದುಂಟು. ಬೈಯಬೇಕಾದ ಹೊತ್ತಿಗೆ ಆಧಾರ ಹುಡುಕುತ್ತ ಕೂಡುತ್ತೇನೆ. ಆಧಾರ ಸಿಗುವಷ್ಟರಲ್ಲಿ ಬೈಸಿಕೊಳ್ಳಬೇಕಾದವನು ಊಟ ಮಾಡಿ ಮಲಗಿರುತ್ತಾನೆ.

ಫಲಕದ ತಲೆಬರಹ 'ಮೈದಾನದ ಕೀರ್ತಿವಂತರು'. ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾವಳಿಗಳಿಂದ ಹೆಸರಾದ ಮೈದಾನ ಅದು. ಕೀರ್ತಿವಂತರಲ್ಲಿ ನಾಯಕರಿದ್ದಾರೆ, ಸಿಕ್ಸರ್ ವೀರರಿದ್ದಾರೆ, ನೀರಿನ ಟಾಕಿ ದಾನ ಕೊಟ್ಟವರಿದ್ದಾರೆ, ಮಂಟಪ ಹಾಕಿದವನಿದ್ದಾನೆ, ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಕಳೆದುಕೊಂಡವನೂ ಇದ್ದಾನೆ. ಮೂಡಲಗಿಯ ಈರಪ್ಪ ಮಾತ್ರ ಇಲ್ಲ.

ಈರಪ್ಪನನ್ನು ಪರಿಚಯಿಸಬೇಕು. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರು ಓಡಿಸುತ್ತಿದ್ದವನು. ಉಳಿದ ದಿನಗಳಲ್ಲಿ ಬಾಡಿಗೆಯ ಬೌಲರು. ಫಲಕ ನಿಲ್ಲಿಸಿದ ಊರಿಗೇ ಆಡಿ ಗೆಲ್ಲಿಸಿದ್ದಾನೆ, ಮೇಲವಂಕಿಗೆ ಆಡಿದ್ದಾನೆ, ದಡ್ಡಿಗೆ ಆಡಿದ್ದಾನೆ, ಸಂಕೇಶ್ವರದ ಎರಡು ಓಣಿಗಳಿಗೆ ಬೇರೆ ಬೇರೆ ವರ್ಷ ಆಡಿ ಎರಡೂ ಓಣಿಗಳಿಂದ ಬೈಸಿಕೊಂಡಿದ್ದಾನೆ. ಪಂದ್ಯದ ಮೊದಲ ಚೆಂಡನ್ನು ಅವನು ಜನ್ಮದಲ್ಲಿ ಎಸೆದವನಲ್ಲ. ಊರ ಬೌಲರುಗಳು ಹೊಡೆಸಿಕೊಂಡು, ಬೆವರು ಒರೆಸಿಕೊಂಡು, ಪರಸ್ಪರ ದೂರಿಕೊಂಡು ಮುಗಿದ ಮೇಲೆ, ಇನ್ನು ಸೋಲೇ ಗತಿ ಎನ್ನುವಾಗ, ಬೇವಿನ ಗಿಡದ ಕೆಳಗೆ ಕೂತವನನ್ನು ಕರೆಯುತ್ತಿದ್ದರು. ಅವನು ನಾಲ್ಕೇ ಹೆಜ್ಜೆ ಓಡಿ ಬಂದು ಬ್ಯಾಟಿನ ಬುಡಕ್ಕೆ ಚೆಂಡು ಹಾಕುತ್ತಿದ್ದ. ಬ್ಯಾಟುಗಾರನು ಹೊಲ ಅಗೆಯುವವನಂತೆ ನೆಲ ಅಗೆಯುತ್ತಿದ್ದ. ಅಷ್ಟೇ ಅವನ ವಿದ್ಯೆ.

ಅಮೆರಿಕೆಯವರು ಆಡುವ ಬೇಸ್‌ಬಾಲ್ ಎಂಬ ಆಟದಲ್ಲಿ ಇಂಥವನಿಗೆ ಗೌರವದ ಸ್ಥಾನವಿದೆ. ಮೊದಲ ಎಸೆತಗಾರ ದಣಿದಾಗ ಬಂದು ಕೈಜಾರುತ್ತಿರುವ ಪಂದ್ಯವನ್ನು ಕಾಯುವವನು ಅವನು. ತಂಡದಿಂದ ತಂಡಕ್ಕೆ ಅಲೆದಾಡಿ, ಎಲ್ಲಿಯೂ ಬೇರು ಬಿಡದೆ ಮುದುಕನಾದರೂ, ಅವನು ಉಳಿಸಿಕೊಟ್ಟ ಪಂದ್ಯಗಳನ್ನು 'ಸೇವ್' ಎಂದು ಪ್ರತ್ಯೇಕವಾಗಿಯೇ ಎಣಿಸಿಡುತ್ತಾರೆ. ಆ ಆಟದ ನಿಯಮಗಳನ್ನು ನಾನು ಪುಸ್ತಕವಿಟ್ಟುಕೊಂಡು ಓದಿದ್ದೇನೆ, ಅರ್ಧ ಅರ್ಥವಾಗಿಲ್ಲ. ಆದರೆ ಒಂದು ಸಮಾಜವು ಕೊನೆಗೆ ಬಂದವನಿಗೂ ಒಂದು ಅಂಕಣವನ್ನು ಮೀಸಲಿಟ್ಟಿದೆ ಎಂಬುದು ಅರ್ಥವಾಯಿತು, ಅರ್ಥವಾದಷ್ಟಕ್ಕೇ ಮೈ ಉರಿಯಿತು. ನಮ್ಮಲ್ಲಿ ಅವನಿಗಿದ್ದದ್ದು ಅಂಕಣವಲ್ಲ, ಒಂದು ಹೆಸರು: ಪಾವಣ್ಯಾ. ಅಂದರೆ ಅತಿಥಿ. ಅತಿಥಿಯನ್ನು ದೇವರೆಂದು ಭಾವಿಸುವ ನಾಡಿದು. ದೇವರನ್ನೂ ಜಾತ್ರೆ ಮುಗಿದ ಕೂಡಲೇ ಗುಡಿಯೊಳಗೆ ಕೂಡಿಹಾಕುವ ನಾಡೂ ಹೌದು.

ಪಾವಣ್ಯಾನ ಬಗ್ಗೆ ಈ ಭಾಗದ ಮೈದಾನಗಳಲ್ಲಿ ಒಂದು ಕಟ್ಟಳೆಯಿತ್ತು. ಎಲ್ಲಿಯೂ ಬರೆದಿಟ್ಟದ್ದಲ್ಲ, ಆದ್ದರಿಂದಲೇ ಯಾರೂ ಮುರಿಯುತ್ತಿರಲಿಲ್ಲ. ಗೆದ್ದ ಊರು ತನ್ನ ಆಟಗಾರರಿಗೆ ಗುಲಾಲು ಎರಚಿ, ಟ್ರ್ಯಾಕ್ಟರಿನಲ್ಲಿ ಮೆರೆಸಿ, ಗುಡಿಯ ಮುಂದೆ ಕಪ್ಪಿನೊಂದಿಗೆ ಫೋಟೋ ತೆಗೆಸುತ್ತಿತ್ತು. ಗುಲಾಲು ಬಿದ್ದವನು ಆ ಊರಿನವನಾದ. ಆ ಹಂಗಾಮಿನಲ್ಲಿ ಬೇರೆ ಊರಿಗೆ ಆಡುವಂತಿಲ್ಲ. ಊರೂರು ತಿರುಗಿ ಆಡುವ ಈರಪ್ಪನಿಗೆ ಅದು ಕಟ್ಟಲಾಗದ ದಂಡ. ಹೀಗಾಗಿ ಕೊನೆಯ ಚೆಂಡು ಸ್ಟಂಪಿಗೆ ತಾಗಿದ ಸದ್ದು ಕೇಳಿದ್ದೇ ತಡ, ಇತ್ತ ಊರು ಕುಣಿಯಲು ಮೈದಾನಕ್ಕೆ ನುಗ್ಗುತ್ತಿತ್ತು, ಅತ್ತ ಗೆಲ್ಲಿಸಿದವನು ಚಪ್ಪಲಿ ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದ. ಗುಲಾಲಿನಿಂದ ತಪ್ಪಿಸಿಕೊಳ್ಳಲು ಅಷ್ಟು ಓಡಿದವನು ಚೆಂಡು ಎಸೆಯಲು ನಾಲ್ಕೇ ಹೆಜ್ಜೆ ಓಡುತ್ತಿದ್ದನೆಂಬುದನ್ನು ಓದುಗರು ಗಮನಿಸಬೇಕು.

ಫಲ ಸ್ಪಷ್ಟ. ಗೆಲುವಿನ ಒಂದು ಫೋಟೋದಲ್ಲಿಯೂ ಅವನಿಲ್ಲ. ಸಮಿತಿಯವರು ಫಲಕ ಮಾಡಿಸಿದ್ದು ಫೋಟೋಗಳನ್ನು ನೋಡಿ.

ಸಮಿತಿಯ ಅಧ್ಯಕ್ಷ ಮಲಗೌಡರ ಮನೆಗೆ ಮರುದಿನವೇ ಹೋದೆ. ಫಲಕದ ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿದಿದೆ, ಅಲ್ಲಿ ಈರಪ್ಪನ ಹೆಸರು ಕೊರೆಸಿ ಎಂದೆ.

"ಅಂವ ಪಾವಣ್ಯಾ ಅಲ್ರಿ ಸರ?" ಎಂದರು ಗೌಡರು. "ಪಾವಣ್ಯಾರ ಹೆಸರ ಯಾರರ ತಮ್ಮ ಮನಿ ಬಾಗಲಕ್ಕ ಬರಸ್ತಾರೇನು?"

"ಮಂಟಪ ಹಾಕಿದವನ ಹೆಸರು ಬರೆಸಿದ್ದೀರಲ್ಲ? ಅವನು ಯಾವ ವಿಕೆಟ್ ಕಿತ್ತ?"

"ಅಂವ ನಮ್ಮ ಅಳಿಯ ರೀ."

ಶಾಸನಗಳಲ್ಲಿಯೂ ಅಳಿಯಂದಿರು ಹೀಗೆಯೇ ನುಸುಳಿರುತ್ತಾರೆ. ನಾನು ಕೊನೆಯ ಅಸ್ತ್ರ ತೆಗೆದೆ: ಹುಕ್ಕೇರಿಯ ಫೈನಲನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಅವನೇ ಗೆಲ್ಲಿಸಿದ್ದು ಎಂದೆ.

"ನೀವು ಕಂಡದ್ದು ಖರೆ ಇರಬಹುದ್ರಿ. ನಾಳೆ ಯಾರರ ಬಂದು ಕೇಳಿದ್ರ ನಿಮ್ಮ ಕಣ್ಣ ಕಿತ್ತು ತೋರಸಾಕ ಬರತೈತೇನು? ಒಂದು ಫೋಟೋ ತರ್ರಿ, ಬರಸ್ತೀನಿ. ಚಾ ಕುಡೀರಿ."

ಆಧಾರವಿಲ್ಲದ ಮಾತನ್ನು ಒಪ್ಪಬಾರದೆಂದು ಜೀವಮಾನವಿಡೀ ಇತರರಿಗೆ ಉಪದೇಶಿಸಿದವನು ನಾನು. ಆ ಉಪದೇಶವನ್ನು ಮಲಗೌಡರ ಬಾಯಿಂದ ಕೇಳಿಸಿಕೊಂಡು, ಅವರ ಚಹವನ್ನೂ ಕುಡಿದು ಬಂದೆ. ಚಹಕ್ಕೆ ಸಕ್ಕರೆ ಹೆಚ್ಚಾಗಿತ್ತು. ಅದಕ್ಕೂ ಸಿಟ್ಟು ಬಂತು.

ಹುಕ್ಕೇರಿಯ ನೆನಪು ಇಂತಿದೆ. ಒಂದು ಶಾಸನದ ಅಚ್ಚು ತೆಗೆಯಲು ಹೋಗಿದ್ದೆ. ಬಸ್ಸಿಗೆ ಕಾಯುತ್ತ ಮೈದಾನದ ಅಂಚಿನಲ್ಲಿ ನಿಂತೆ. ಮೇಲವಂಕಿಯ ತಂಡಕ್ಕಾಗಿ ಈರಪ್ಪ ಕೊನೆಯ ಓವರು ಎಸೆಯುತ್ತಿದ್ದ. ಕೊನೆಯ ಚೆಂಡಿಗೆ ಸ್ಟಂಪು ಹಾರಿತು. ಜನ ನುಗ್ಗಿದರು. ಸ್ವಲ್ಪ ಹೊತ್ತಿನ ಮೇಲೆ ವೇದಿಕೆಯ ಬಳಿ ಅವನನ್ನು ಕಂಡೆ: ಹಣೆ, ಕೆನ್ನೆ, ಅಂಗಿ, ಎಲ್ಲವೂ ಗುಲಾಲಿನಿಂದ ಕೆಂಪು. ಆ ಕೆಂಪು ಈಗಲೂ ಕಣ್ಣಿಗೆ ಕಟ್ಟಿದೆ.

ಇದನ್ನು ಮೂಡಲಗಿಗೆ ಹೋಗಿ ಈರಪ್ಪನ ಮನೆಯಲ್ಲಿ ಹೇಳಿದೆ. ಹೇಳುವವರೆಗೆ ನನಗೆ ತಿಳಿದಿರಲಿಲ್ಲ, ಫಲಕದ ಚಿಂತೆ ಈರಪ್ಪನಿಗೆ ಅಷ್ಟಾಗಿ ಇರಲಿಲ್ಲ. ಅವನ ಚಿಂತೆ ಹೆಂಡತಿ ಗಂಗವ್ವನದಾಗಿತ್ತು. ಮದುವೆಯಾದಾಗಿನಿಂದ ಆಕೆ ಅವನ ಆಟವನ್ನೇ ನಂಬಿರಲಿಲ್ಲ.

"ನೀವ ಹೇಳ್ರಿ ಸರ್ರ," ಎಂದಳು ಗಂಗವ್ವ. "ಬಾಜೂ ಮನಿಯವರು ಗೆದ್ದ ಬಂದ್ರ ವಾರಗಟ್ಟಲೆ ಕಿವಿಯಾಗ ಗುಲಾಲ ಇರತಿತ್ತು. ಇವ್ರು ಗೆದ್ದೆ ಗೆದ್ದೆ ಅಂತ ಬರತಿದ್ರು, ಅಂಗಿ ಒಗದ ಇಟ್ಟಂಗ ಇರತಿತ್ತು. ಒಂದು ಹಾರ ಇಲ್ಲ, ಒಂದು ಫೋಟೋ ಇಲ್ಲ. ಇಸ್ಪೇಟ ಆಡಾಕ ಹೋಗ್ಯಾರಂತ ನಮ್ಮವ್ವ ಅಂತಿದ್ಲು. ನಾನೂ ಹೌದಂದೆ."

"ಹಂಗ ಅನ್ನಾಕ ನಿಮ್ಮವ್ವಗ ಇಸ್ಪೇಟಿನ ಎಲಿ ಎಷ್ಟು ಅನ್ನೋದರ ಗೊತ್ತಿತ್ತೇನು?" ಎಂದ ಈರಪ್ಪ.

"ನಮ್ಮವ್ವನ ಸುದ್ದಿ ತಗೀಬ್ಯಾಡ್ರಿ."

ನಾನು ಹುಕ್ಕೇರಿಯ ಪ್ರಸಂಗವನ್ನು ವಿವರಿಸಿದೆ. ಗುಲಾಲಿನ ಮಾತು ಬಂದಾಗ ಆಕೆ ಒಲೆಯ ಮುಂದಿನಿಂದ ಎದ್ದೇ ಬಂದಳು. "ಗುಲಾಲ ಹತ್ತಿತ್ತು? ನೀವ ನೋಡೀರಿ?"

"ನೋಡಿದ್ದೇನೆ ತಾಯಿ."

ಆಕೆ ಗಂಡನ ಮುಖ ನೋಡಿದಳು. ಅವನು ಟ್ರ್ಯಾಕ್ಟರಿನ ಟಾಯರಿನಲ್ಲಿ ಗಾಳಿ ನೋಡಬೇಕೆಂದು ಹೊರಗೆ ಹೋದ. ಸಂಕೋಚದ ಸ್ವಭಾವ ಎಂದುಕೊಂಡೆ. ಸಂಶೋಧಕನು ಮಾಡಬಾರದ ಕೆಲಸವೆಂದರೆ ಹೀಗೆ ಅಂದುಕೊಳ್ಳುವುದು. ಆದರೆ ಗಂಗವ್ವನಿಗೆ ಮಾತು ಕೊಟ್ಟಿದ್ದಾಯಿತು: ಫೋಟೋ ತರುತ್ತೇನೆ.

ಮೇಲವಂಕಿಯಲ್ಲಿ ಅದು ಸಿಕ್ಕಿತು. ಆ ವರ್ಷ ಊರ ತಂಡದ ನಾಯಕನಾಗಿದ್ದವನದು ಈಗ ಕ್ಷೌರದಂಗಡಿ. ಕನ್ನಡಿಯ ಮೇಲ್ಗಡೆ ಚೌಕಟ್ಟಿನಲ್ಲಿ ಈರಪ್ಪ ನಿಂತಿದ್ದ: ಹರೆಯದ ಮುಖ, ಮೈತುಂಬ ಕೆಂಪು, ಕೈಯಲ್ಲಿ ದೊಡ್ಡದೊಂದು ಶೀಲ್ಡು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಕನ್ನಡಕ ಒರೆಸಿಕೊಂಡು ಶೀಲ್ಡಿನ ಮೇಲಿನ ಅಕ್ಷರ ಓದಿದೆ. 'ದ್ವಿತೀಯ ಬಹುಮಾನ.'

"ಇದು ಹುಕ್ಕೇರಿಯದಲ್ಲವೇ? ಅಲ್ಲಿ ನೀವು ಗೆದ್ದಿದ್ದಿರಲ್ಲ?"

ಕತ್ತರಿ ನಿಂತಿತು. "ಯಾರ ಹೇಳಿದ್ರಿ? ಕಡೇ ಬಾಲ್‌ಗೆ ಸಿಕ್ಸ್ ಹೋತು. ಜನ ನುಗ್ಗಿದ ಜೋರಿಗೆ ಸ್ಟಂಪು ಬಿದ್ದುವು."

"ಹಾಗಾದರೆ ಇವನೊಬ್ಬನೇ ಏಕೆ ಇದ್ದಾನೆ?"

"ಸೋತ ಮ್ಯಾಲ ಯಾಂವ ನಿಲ್ತಾನ್ರಿ? ನಾವೆಲ್ಲ ಟ್ರ್ಯಾಕ್ಟರ್ ಹತ್ತಿ ಓಡಿದ್ವಿ. ಶೀಲ್ಡ್ ಇಸ್ಕೊಳ್ಳಾಕ ಯಾರರ ಬೇಕಲ್ಲ, ಪಾವಣ್ಯಾನ್ನ ಮುಂದ ನೂಕಿದ್ವಿ. ಪಾಪ, ಅಂವಗ ಬಸ್ಸೂ ತಪ್ಪಿತು."

"ಆದರೂ ಫೋಟೋ ಹಚ್ಚಿದ್ದೀರಿ."

"ಶೀಲ್ಡಿನ ಸಲುವಾಗಿ ರೀ. ಅಂವನ ಸಲುವಾಗಿ ಅಲ್ಲ."

ಅಲ್ಲಿಯೇ ಕುರ್ಚಿಯಲ್ಲಿ ಕೂತೆ. ಗೆದ್ದರೆ ಬಸ್ಸಿಗೆ, ಸೋತರೆ ವೇದಿಕೆಗೆ! ಗೆಲುವಿಗೆ ಪರಕೀಯ, ಸೋಲಿಗೆ ಊರ ಪ್ರತಿನಿಧಿ! ಇಷ್ಟು ಅಚ್ಚುಕಟ್ಟಾದ ಅನ್ಯಾಯವನ್ನು ಯಾವ ರಾಜನೂ ಶಾಸನ ಹೊರಡಿಸಿ ಮಾಡಿದ್ದನ್ನು ನಾನು ಓದಿಲ್ಲ. ನಾಲ್ಕು ಜನ ಸೇರಿ ನಗುನಗುತ್ತ ಮಾಡಿದರೆ ಶಾಸನವೂ ಬೇಕಾಗುವುದಿಲ್ಲ. ಕ್ಷೌರಿಕನು ನನ್ನ ಮುಖ ನೋಡಿ, ದಾಡಿ ಮಾಡಲೇ ಎಂದು ಕೇಳಿದ. ಬೇಡವೆಂದೆ. ಆ ಸ್ಥಿತಿಯಲ್ಲಿ ಕತ್ತಿಯ ಹತ್ತಿರ ಇರುವುದು ನಮ್ಮಿಬ್ಬರಿಗೂ ಕ್ಷೇಮವಾಗಿರಲಿಲ್ಲ. ಫೋಟೋ ಮಾತ್ರ ಕೇಳಿ ಪಡೆದುಕೊಂಡೆ.

ಮಲಗೌಡರು ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಇದು ಸೋತದ್ದರದಲ್ರಿ ಸರ? ಗೆದ್ದವರ ಕಲ್ಲಿನ ಮ್ಯಾಲ ಸೋತಾಂವನ ಹೆಸರ ಹೆಂಗ ಬರಸೂದು?"

ನಾನು ವೀರಗಲ್ಲುಗಳ ವಿಷಯ ತೆಗೆದೆ. ಗೌಡರೇ, ಈ ನಾಡಿನ ಊರಬಾಗಿಲುಗಳಲ್ಲಿ ನಿಂತ ವೀರಗಲ್ಲುಗಳಲ್ಲಿ ಇರುವವರು ಯಾರು? ಕಳ್ಳರಿಂದ ಊರ ದನ ಉಳಿಸಲು ಹೋಗಿ ಸತ್ತವರು. ಗೆದ್ದು ಮನೆಗೆ ಬಂದು ಉಂಡು ಮಲಗಿದವನಿಗೆ ಯಾರೂ ವೀರಗಲ್ಲು ನೆಟ್ಟಿಲ್ಲ. ಬಿದ್ದವನನ್ನು ಕಲ್ಲಿನಲ್ಲಿ ನಿಲ್ಲಿಸುವ ಸಂಸ್ಕಾರ ನಿಮ್ಮ ಮುತ್ತಜ್ಜಂದಿರಿಗಿತ್ತು. ನಿಮ್ಮ ಗ್ರಾನೈಟಿಗೆ ಹೊಳಪು ಮಾತ್ರ ಇದೆ. ಹೀಗೆಲ್ಲ ಹೇಳಿದೆ. ದನಿ ಏರಿತ್ತು. ಗೌಡರು ಕೊನೆಯವರೆಗೂ ಕೇಳಿ, "ಹಂಗಾದ್ರ ಮೊದಲ ಸಾಯಬೇಕಲ್ರಿ," ಎಂದರು. ಚಹ ತರಿಸಿದರು. ಕುಡಿಯಲಿಲ್ಲ. ನನ್ನ ಹೋರಾಟದ ಒಟ್ಟು ಸಾಧನೆ ಇದು.

ಆ ಫೋಟೋವನ್ನು ಗಂಗವ್ವನ ಕೈಗೆ ಕೊಡುವಾಗ ಮಲಗೌಡರ ಮನೆಯಲ್ಲಿ ಇದ್ದಷ್ಟು ಧೈರ್ಯವಿರಲಿಲ್ಲ. ಗೆಲುವು ತರುತ್ತೇನೆಂದು ಹೋಗಿ ಸೋಲು ಹೊತ್ತು ತಂದಿದ್ದೆ. ಆಕೆಗೆ ಓದು ಬರುತ್ತದೆ. ಶೀಲ್ಡಿನ ಅಕ್ಷರಗಳನ್ನು ಬೆರಳಿಟ್ಟು ಓದಿದಳು.

"ಸೋತಿದ್ರಿ?" ಎಂದಳು ಗಂಡನಿಗೆ.

"ಹುಂ."

"ಮತ್ತ ಗೆದ್ದೆ ಅಂತ ಯಾಕ ಹೇಳಿದ್ರಿ?"

"ಗೆದ್ದಾಗ ಗೆದ್ದೆ ಅಂದ್ರ ಒಮ್ಮೆನೂ ನಂಬಲಿಲ್ಲ ನೀ. ಸೋತೆ ಅಂದಿದ್ರ ಕೂಡ್ಲೇ ನಂಬತಿದ್ದಿ. ಅದಕ್ಕ ಹೇಳಲಿಲ್ಲ."

ಗಂಗವ್ವ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಇಸ್ಪೇಟ ಆಡಾಕ ಹೋದಾಂವಗ ಇಷ್ಟು ದೊಡ್ಡ ಶೀಲ್ಡ ಯಾರೂ ಕೊಡಂಗಿಲ್ಲ ಅಲ್ರಿ ಸರ್ರ?" ಎಂದಳು. ಕೊಡುವುದಿಲ್ಲ ಎಂದೆ. "ಅಂದ್ರ ಉಳದದ್ದೂ ಖರೆ," ಎಂದಳು. ಗೋಡೆಗೆ ಮೊಳೆ ಹೊಡೆದದ್ದು ಆಕೆಯೇ. ಹಾರ ಹುಡುಕತೊಡಗಿದಾಗ ಮಾತ್ರ ಈರಪ್ಪ ಬಾಯಿಬಿಟ್ಟ: "ಹಾರ ಹಾಕಬ್ಯಾಡ. ಇನ್ನೂ ಜೀವಂತ ಅದೇನಿ."

ಫಲಕದ ಕೆಳಗಿನ ಸಾಲು ಇಂದಿಗೂ ಖಾಲಿಯಿದೆ. ಬಸ್ಸು ಆ ಮೈದಾನವನ್ನು ದಾಟುವಾಗಲೆಲ್ಲ ನನ್ನ ಸಿಟ್ಟು ಹೊಸದಾಗುತ್ತದೆ; ಸೀಟು ಬಿಟ್ಟುಕೊಟ್ಟವರ ಮುಂದೆ ಅದನ್ನು ನುಂಗಿಕೊಂಡು ಕೂಡುತ್ತೇನೆ.

ಕೊನೆಯದಾಗಿ ಒಂದು ತಿದ್ದುಪಡಿ. ಫೋಟೋದ ಬೆನ್ನಿಗೆ ಸ್ಟುಡಿಯೋದ ಮುದ್ರೆಯೂ ತೆಗೆದ ದಿನದ ತಾರೀಖೂ ಇದ್ದವು. ಆ ವರ್ಷದ ಪಂಚಾಂಗವನ್ನು ತೆಗೆದು ತಾಳೆ ನೋಡಿದೆ. ಅಂದು ರಂಗಪಂಚಮಿ, ಊರೆಲ್ಲ ಬಣ್ಣವಾಡುವ ದಿನ. ಹುಕ್ಕೇರಿಯ ಬೀದಿಯಲ್ಲಿ ಅಂದು ನಾಯಿ, ಎಮ್ಮೆ, ಪೋಸ್ಟ್‌ಮ್ಯಾನ್, ಎಲ್ಲರೂ ಕೆಂಪಾಗಿಯೇ ಇದ್ದಿರಬೇಕು; ಶಾಸನದ ಅಚ್ಚು ಹೊತ್ತು ನಿಂತಿದ್ದ ನಾನೂ. ನನ್ನ ನೆನಪಿನಲ್ಲಿದ್ದ ಆ ಕೆಂಪು ಗೆಲುವಿನದಲ್ಲ, ಹಬ್ಬದ್ದು; ಗಂಗವ್ವನೂ ಆ ಅಂಗಿಯನ್ನು ಹಬ್ಬದ್ದೆಂದೇ ಒಗೆದು ಮರೆತಿರಬೇಕು. ಪಂಚಾಂಗದ ಅಗತ್ಯವೂ ಇರಲಿಲ್ಲ, ಸ್ವಲ್ಪ ಯೋಚಿಸಿದ್ದರೆ ಸಾಕಿತ್ತು. ಪಂದ್ಯ ಮುಗಿದ ಮೇಲೆ ಈರಪ್ಪನನ್ನು ವೇದಿಕೆಯ ಬಳಿ ಕಂಡೆನೆಂದು ನಾನು ಎಲ್ಲರಿಗೂ ಸಾಕ್ಷಿ ಹೇಳುತ್ತ ತಿರುಗಿದ್ದೆ. ಅವನು ಗೆದ್ದಿದ್ದರೆ ನನಗೆ ಕಾಣಿಸುತ್ತಲೇ ಇರಲಿಲ್ಲ.