ಕಾರಿನಲ್ಲಿ ತಿಂದ ಚಪಾತಿ

ಆಗ ನನಗೆ ಎಪ್ಪತ್ತೆರಡು. ಆರು ವರ್ಷದ ಹಿಂದಿನ ಮಾತು. ನಾನು ನಾಲ್ಕನೇ ಇಯತ್ತೆ ಕಲಿತವಳು. ಬರೆದದ್ದರಲ್ಲಿ ತಪ್ಪಿದ್ದರೆ ಇರಲಿ.

ಮೊಮ್ಮಗಳು ಅಮೆರಿಕದ ಆಸ್ಟಿನ್‌ನಲ್ಲಿ ಸಂಗೀತ ಓದುತ್ತಿದ್ದಳು. ಬ್ಲೂಸ್ ಎಂಬ ಹಾಡು ಹೊಸದಾಗಿದ್ದಾಗ ಡಲ್ಲಾಸ್‌ನಲ್ಲಿ ಪಿಯಾನೋ ಬಾರಿಸುತ್ತಿದ್ದ ಒಬ್ಬನ ಬೆನ್ನು ಹತ್ತಿದ್ದಳು. ಕಪ್ಪು ಜನರವನು. ಒಂದೇ ರೆಕಾರ್ಡ್ ಬಿಟ್ಟು ಸತ್ತಿದ್ದ. ಮುಖ ಹೇಗಿತ್ತೆಂದು ಯಾರಿಗೂ ಗೊತ್ತಿಲ್ಲ. ಎರಡು ವರ್ಷ ಲೈಬ್ರರಿ, ಚರ್ಚು, ಸ್ಮಶಾನ ಅಲೆದ ಮೇಲೆ ಅವನ ತಮ್ಮನ ಮಗಳು ಹ್ಯೂಸ್ಟನ್‌ನಲ್ಲಿ ಸಿಕ್ಕಳು. ಎಂಬತ್ತು ದಾಟಿದಾಕೆ. ದೊಡ್ಡಪ್ಪನ ಫೋಟೋ ಒಂದಿದೆ, ಕೊಡುತ್ತೇನೆ, ಬಾ ಎಂದಿದ್ದಳು. ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಮಗಳ ಮನೆಯಲ್ಲಿ ಸುಮ್ಮನೆ ಕೂತಿದ್ದ ನಾನೂ ಜೊತೆಗೆ ಹೋದೆ.

ಆಕೆ ಇಂಗ್ಲಿಷಿನಲ್ಲಿ ಹೇಳಿದಳು, ಮೊಮ್ಮಗಳು ನನಗೆ ಕನ್ನಡದಲ್ಲಿ ಹೇಳಿದಳು. ದೊಡ್ಡ ಬಿಳಿಯರ ಮನೆಯ ಪಾರ್ಟಿಗೆ ಅವನನ್ನು ಕರೆಸುತ್ತಿದ್ದರಂತೆ. ಬಾರಿಸಿ ಮುಗಿದ ಮೇಲೆ ಅವನ ಊಟದ ತಟ್ಟೆಯನ್ನು ಹಿಂಬಾಗಿಲ ಹೊರಗೆ ಇಡುತ್ತಿದ್ದರಂತೆ.

"ಅಯ್ಯ ಪಾಪ," ಎಂದು ನಾನೇ ಲೊಚಗುಟ್ಟಿದೆ.

ಆಮೇಲೆ ಆಕೆ ಗೆಣಸಿನ ಪೈ ಎಂಬ ಸಿಹಿ ತಂದು ನನ್ನ ಮುಂದೆ ಇಟ್ಟಳು. ತಾನೇ ಮಾಡಿದ್ದು.

"ಇವತ್ತ ಏಕಾದಶಿ, ಉಪವಾಸ ಅಂತ ಹೇಳು."

"ರಿಯಲಿ, ಅಜ್ಜಿ?"

"ಹೇಳಂದ್ರ ಹೇಳವಾ."

ಏಕಾದಶಿಯೂ ಅಲ್ಲ, ಏನೂ ಅಲ್ಲ. ಹೋಟೆಲಿನಲ್ಲಿ ಯಾರು ಮಾಡಿದ್ದನ್ನಾದರೂ ತಿನ್ನುತ್ತಿದ್ದೆ. ಆ ಕೈ ಕಣ್ಣಿಗೆ ಕಂಡಿತು, ಬೇಡವೆನಿಸಿತು, ಅಷ್ಟೆ. ನಮ್ಮ ಹೊಲಕ್ಕೆ ಬರುತ್ತಿದ್ದ ಆಳುಗಳಿಗೆ ಮೇಲಿಂದ ನೀರು ಹೊಯ್ದ ಕೈ ನನ್ನದು.

ಫೋಟೋ ಹುಡುಕಲು ಇಬ್ಬರೂ ಒಳಕೋಣೆಗೆ ಹೋದರು. ನಾನು ಕಾರಿಗೆ ಬಂದೆ. ಹಸಿವಾಗಿತ್ತು. ಮನೆಯಿಂದ ತಂದ ಬುತ್ತಿಯ ಡಬ್ಬಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ ತಿನ್ನತೊಡಗಿದೆ. ಬಾಯಿ ತುಂಬಿದ್ದಾಗ ಕಿಟಕಿಯ ಹತ್ತಿರ ಆಕೆ ನಿಂತಿದ್ದಳು. ಎದೆಗೆ ಒಂದು ಲಕೋಟೆ. ಫೋಟೋವನ್ನು ಮೊದಲು ನನಗೆ ತೋರಿಸೋಣವೆಂದು ಕೋಲೂರಿಕೊಂಡು ತಾನೇ ಬಂದಿದ್ದಳು. ಡಬ್ಬಿ ನೋಡಿದಳು. ನನ್ನನ್ನು ನೋಡಿದಳು. ಹಿಂದೆಯೇ ಬಂದ ಮೊಮ್ಮಗಳಿಗೆ ಏನೋ ಅಂದಳು. ಲಕೋಟೆ ಸಮೇತ ತಿರುಗಿ ಹೋಗಿ ಬಾಗಿಲು ಹಾಕಿಕೊಂಡಳು.

"ಏನಂದ್ಲು?"

ಮೊಮ್ಮಗಳು ಸ್ಟಿಯರಿಂಗ್ ಹಿಡಿದು ಕೂತಿದ್ದಳು. "ಇವರೂ ತಟ್ಟೆ ಹೊರಗೇ ಇಡೋ ಜನ ಅಂದ್ರು." ಕಾರು ಶುರು ಮಾಡಿ, "ಟೂ ಇಯರ್ಸ್, ಅಜ್ಜಿ. ಫಾರ್ ಒನ್ ಚಪಾತಿ."

ಅಂದು ರಾತ್ರಿ ಅಲ್ಲೇ ಹತ್ತಿರದ ಮೋಟೆಲಿನಲ್ಲಿ ಉಳಿದೆವು. ಆ ಪಿಯಾನೋದವನ ಮೇಲೆ ಅವಳು ಬರೆದ ಪುಸ್ತಕ ಬಂದು ಈಗ ಮೂರು ವರ್ಷ. ಅದರಲ್ಲಿ ಆ ಮನುಷ್ಯನ ಮುಖವಿಲ್ಲ. ಯಾಕಿಲ್ಲವೆಂದು ಅವಳು ಬರೆದಿಲ್ಲ. ನಾನು ಬರೆಯುತ್ತಿದ್ದೇನೆ.

ಮೋಟೆಲಿನಲ್ಲಿ ಉಳಿದ ಮರುದಿನ ಬೆಳಿಗ್ಗೆ ಸ್ನಾನವನ್ನೂ ಮಾಡದೆ ಅವಳನ್ನು ಎಬ್ಬಿಸಿ ಆ ಮನೆಗೆ ಕರೆದುಕೊಂಡು ಹೋದೆ. ಆಕೆ ಬಾಗಿಲನ್ನು ಅರ್ಧ ತೆರೆದಳು.

"ಸುಳ್ಳು ಹೇಳಿದ್ನಿ ಅಂತ ಹೇಳು. ಆಕಿ ಕೈದು ಬ್ಯಾಡಾಗಿತ್ತು ಅಂತ ಹೇಳು. ಬೆಲ್ಲ ಹಚ್ಚಬ್ಯಾಡ," ಎಂದೆ.

ಮೊಮ್ಮಗಳು ಹಾಗೇ ಹೇಳಿದಳು. ಫೋಟೋದ ಮಾತು ಎತ್ತಲಿಲ್ಲ. ನಾನು ಹೊಸ್ತಿಲ ಹೊರಗೇ ನಿಂತು, ನಿನ್ನೆಯ ಪೈ ಉಳಿದಿದ್ದರೆ ಕೊಡು ಎಂದು ಆಕೆಯ ಮುಂದೆ ಕೈ ಚಾಚಿದೆ.