ಪಾರ್ಥೇನಿಯಂ ಕೀಳಲು ಹೋದ ದಿನ

ನಿವೃತ್ತಿಗೆ ಇನ್ನೆರಡು ವರ್ಷವಿದ್ದಾಗ ನಾನು ಸಸ್ಯ ಸಮೀಕ್ಷೆಯಲ್ಲಿ ಹಿರಿಯ ಸಂಶೋಧಕಿ. ಸೇವಂತಿ ಕುಟುಂಬದ ಕಾಡುಗಿಡಗಳು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಎಲ್ಲೆಲ್ಲಿ ಉಳಿದಿವೆ ಎಂದು ಗುರುತಿಸಿ ನಕ್ಷೆ ಮಾಡುವುದು, ಉಳಿದದ್ದನ್ನು ಕಾಪಾಡುವುದು ನನ್ನ ಕೆಲಸ. ಮಧುರೆ ಕಡೆಯ ಒಂದು ಬಂಡೆಗುಡ್ಡದಲ್ಲಿ ಗೇಣುದ್ದದ, ನೇರಳೆ ಹೂವಿನ ಗಿಡವೊಂದಿತ್ತು. ಅಲ್ಲಿ ಕುರಿ ಮೇಯಿಸುವ ಮುನಿರತ್ನಮ್ಮನೇ ಅದನ್ನು ನನಗೆ ತೋರಿಸಿದ್ದು, ಅದರ ವಿಷಯ ಹೇಳಿದ್ದು. ನಾನು ಹತ್ತಿದ ಬೇರೆ ಯಾವ ಗುಡ್ಡದಲ್ಲೂ ಅದು ಸಿಗಲಿಲ್ಲ. ಇಲ್ಲಿ ಎಣಿಸಿದರೆ ಮೂವತ್ತೊಂದು. ಅವುಗಳ ಮೇಲೆ ಪಾರ್ಥೇನಿಯಂ ಸೊಂಟದೆತ್ತರ ಬೆಳೆದು ಮುಚ್ಚಿಕೊಂಡಿತ್ತು. ಅದೂ ಸೇವಂತಿ ಕುಟುಂಬದ್ದೇ, ಆದರೆ ಹೊರದೇಶದಿಂದ ಬಂದ ಕಳೆ.

ಹೂ ಬಿಡುವ ಮೊದಲೇ ಅದನ್ನು ಕೀಳಬೇಕು. ನಮಗೆ ಅರಣ್ಯ ಇಲಾಖೆಯ ಅನುಮತಿ ಪತ್ರ ಸಿಗುವಷ್ಟರಲ್ಲಿ ಹೂ ಬಿಟ್ಟಾಗಿತ್ತು. ಇನ್ನೂ ಕಾದರೆ ಬೀಜ ಉದುರುತ್ತದೆಂದು ನಾನೇ ಹಟ ಹಿಡಿದೆ. ಮುನಿರತ್ನಮ್ಮ ಊರಿನ ಇಬ್ಬರು ಹೆಂಗಸರನ್ನು ಕರೆತಂದರು.

"ಇದು ತಾಗಿದ್ರೆ ನಂಗೆ ಕತ್ತೆಲ್ಲಾ ಕಡಿತದೆ ಮೇಡಂ, ಎದೆ ಹಿಡ್ಕೊತದೆ," ಅಂದರು ಮುನಿರತ್ನಮ್ಮ.

"ಕೈಗವಸು ಹಾಕ್ಕೊಳ್ಳಿ, ಏನೂ ಆಗಲ್ಲ," ಅಂದೆ. ಮಾಸ್ಕ್ ತಂದಿರಲಿಲ್ಲ.

ಹನ್ನೊಂದರ ಹೊತ್ತಿಗೆ ಗಾಳಿ ಎದ್ದಿತು. ರಾಶಿ ಹಾಕಿದ್ದ ಗಿಡಗಳ ಪರಾಗವೆಲ್ಲ ನಮ್ಮ ಮುಖಕ್ಕೇ. ಮುನಿರತ್ನಮ್ಮ ಕೆಮ್ಮುತ್ತಾ ಕುಸಿದು ಕೂತರು. ನಾನು ಓಡಿಹೋಗಿ ನೋಡಿದರೆ ತುಟಿ ನೀಲಿಯಾಗುತ್ತಿದೆ, ಎದೆಯಿಂದ ಸಿಳ್ಳೆಯಂಥ ಸದ್ದು. ಬಾಯಿ ತೆರೆಯುತ್ತಿದ್ದರು, ಮಾತು ಬರುತ್ತಿರಲಿಲ್ಲ.

ಮೂವರೂ ಸೇರಿ ಎತ್ತಿಕೊಂಡು ಬಂಡೆ ಇಳಿದೆವು. ಜೀಪು ನಾನೇ ಓಡಿಸಿದೆ. ಮುಂದೆ ಜಲ್ಲಿ ಲಾರಿ, ಎಷ್ಟು ಹಾರ್ನ್ ಹೊಡೆದರೂ ದಾರಿ ಬಿಡದು. ಅಷ್ಟರಲ್ಲಿ ಹಿಂದಿನ ಸೀಟಿನ ಸಿಳ್ಳೆ ಸದ್ದು ನಿಂತುಹೋಯಿತು.

"ಉಸಿರಾಡ್ತಿದಾರಾ?" ಎಂದು ಕೂಗಿದೆ.

"ಗೊತ್ತಾಯ್ತಿಲ್ಲ, ಬೇಗ್ನೆ ಓಡ್ಸಿ ಮೇಡಂ!"

ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಲಾರಿಯ ಪಕ್ಕ ಮಣ್ಣಿಗಿಳಿಸಿ ಮುಂದೆ ನುಗ್ಗಿದೆ.

ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು, ಇಂಜೆಕ್ಷನ್ ಕೊಟ್ಟರು. ತುಂಬ ಹೊತ್ತಾದ ಮೇಲೆ ಡಾಕ್ಟರ್ ಹೊರಗೆ ಬಂದರು. "ಉಳ್ಕೊಂಡ್ರು. ಅಲರ್ಜಿ ಇರೋದು ನಿಮಗೆ ಗೊತ್ತಿತ್ತಾ?"

"ಬೆಳಿಗ್ಗೆ ಹೇಳಿದ್ರು," ಎಂದೆ.

ಮರುವರ್ಷ ಹೂವಿಗೆ ಮುಂಚೆಯೇ, ಎಲ್ಲರಿಗೂ ಮಾಸ್ಕ್ ಹಾಕಿಸಿ, ಅದು ಮೈಗಾಗದವರನ್ನು ಹತ್ತಿರ ಬಿಡದೆ ಕಳೆ ತೆಗೆಸಿದೆ. ನೇರಳೆ ಗಿಡಗಳು ಉಳಿದವು. ಮುನಿರತ್ನಮ್ಮ ಮತ್ತೆ ಆ ಗುಡ್ಡಕ್ಕೆ ಬರಲಿಲ್ಲ. ಕ್ಷಮೆ ಕೇಳಲು ಮನೆಗೆ ಹೋದಾಗ, "ನಾನ್ ಹೇಳ್ದೆ, ನೀವ್ ಕೇಳಿಸ್ಕೊಳ್ಳಿಲ್ಲ, ಅಷ್ಟೇಯ," ಅಂದರು.

ಗಿಡದ ಬಗ್ಗೆ ಅವರು ಹೇಳಿದ ಪ್ರತಿ ಮಾತನ್ನೂ ಬರೆದುಕೊಂಡವಳು ನಾನು. ತಮ್ಮ ಮೈ ಬಗ್ಗೆ ಹೇಳಿದ್ದನ್ನು ಮಾತ್ರ ಬರೆದುಕೊಂಡಿರಲಿಲ್ಲ.